ವಿಜ್ಞಾನ ವಿಭಾಗದಲ್ಲಿ ಎಲ್ಲರಿಗೂ ಜಾಗ: ಮೊದಲ ಬಸ್ಸಿನಿಂದ ಕೊನೆಯ ವೈವಾವರೆಗೆ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಎಂ.ಎಸ್ಸಿ. ತರಗತಿಗೆ ಹೋದರೆ ಒಂದೇ ಕೊಠಡಿಯಲ್ಲಿ ಮೂರ್ನಾಲ್ಕು ಮನೆಮಾತುಗಳು ಕೂತಿರುತ್ತವೆ. ಪಾವಗಡ, ಬಾಗೇಪಲ್ಲಿ ಕಡೆಯವರ ಮನೆಯಲ್ಲಿ ತೆಲುಗು, ಕೆಜಿಎಫ್‌ನಿಂದ ಬಂದವರಲ್ಲಿ ಹಲವರಿಗೆ ತಮಿಳು, ಪೇಟೆಯ ಕೆಲವರಿಗೆ ಉರ್ದು. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲೇ ಓದಿ ಪಿಯುಸಿಯಲ್ಲಿ ಇಂಗ್ಲಿಷಿಗೆ ಬಿದ್ದವರು ಇರುತ್ತಾರೆ. ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗರು ಇರುತ್ತಾರೆ. ಇವರನ್ನು ಯಾರೂ ಬೇಕೆಂದೇ ದೂರ ಇಡುವುದಿಲ್ಲ. ಆದರೂ ಎರಡನೇ ಸೆಮಿಸ್ಟರ್ ಹೊತ್ತಿಗೆ ಕೆಲವರು ಹಿಂದಿನ ಬೆಂಚಿಗೆ, ಅಲ್ಲಿಂದ ಬಾಗಿಲಾಚೆಗೆ ಸರಿದುಬಿಟ್ಟಿರುತ್ತಾರೆ.

ಇದಕ್ಕೆ ದೊಡ್ಡ ಕಾರಣ, ವಿಭಾಗದ ಮುಖ್ಯ ಸಂಗತಿಗಳೆಲ್ಲ ಬಾಯಿಮಾತಿನಲ್ಲೇ ಓಡಾಡುವುದು. ಪ್ರಾಜೆಕ್ಟಿಗೆ ಯಾವಾಗ ಕೇಳಬೇಕು, ಸ್ಕಾಲರ್‌ಶಿಪ್ ಅರ್ಜಿಗೆ ಕೊನೆಯ ದಿನ ಯಾವುದು, ಸ್ಪೆಕ್ಟ್ರೋಫೋಟೋಮೀಟರಿನ ಕೀ ಯಾರ ಹತ್ತಿರ ಇದೆ, ಪ್ರಯೋಗಗಳನ್ನು ಬರೆದಿಡುವ ರೆಕಾರ್ಡ್ ತಪ್ಪಾದರೆ ಮತ್ತೆ ಬರೆಯಲು ಬಿಡುತ್ತಾರೋ ಇಲ್ಲವೋ, ಇವೆಲ್ಲ ಸೀನಿಯರ್‌ಗಳ ಪರಿಚಯ ಇದ್ದವರಿಗೆ, ಕ್ಯಾಂಟೀನ್‌ನಲ್ಲಿ ಸಂಜೆವರೆಗೆ ಕೂರುವವರಿಗೆ ಗೊತ್ತಾಗುತ್ತವೆ. ನಾಲ್ಕು ಗಂಟೆಯ ಬಸ್ಸಿಗೆ ಓಡುವ ಹುಡುಗಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಇಲ್ಲಿ ಹೇಳುವ ಕೆಲಸದ ಬಹುಪಾಲು ಇಷ್ಟೇ: ಬಾಯಲ್ಲಿರುವುದನ್ನು ಕಾಗದಕ್ಕೆ, ವೇಳಾಪಟ್ಟಿಗೆ, ಲ್ಯಾಬಿನ ಬೆಂಚಿಗೆ ಇಳಿಸುವುದು.

ಮೊದಲು ಐದು ಜನರ ತಂಡ ಕಟ್ಟಿ. ವಿಭಾಗದ ಮುಖ್ಯಸ್ಥರು, ಒಬ್ಬ ಅಧ್ಯಾಪಕರು, ಲ್ಯಾಬ್ ಅಸಿಸ್ಟೆಂಟ್ ಅಥವಾ ಅಟೆಂಡರ್, ಇಬ್ಬರು ವಿದ್ಯಾರ್ಥಿಗಳು. ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ದಿನಾ ಬಸ್ಸಿನಲ್ಲಿ ಬರುವವರಾಗಿರಲಿ. ತಿಂಗಳಿಗೊಮ್ಮೆ ನಲವತ್ತು ನಿಮಿಷ ಕೂತರೆ ಸಾಕು. ಲ್ಯಾಬ್ ಅಸಿಸ್ಟೆಂಟರನ್ನು ಬಿಡಬೇಡಿ. ಯಾವ ಹುಡುಗ ಲ್ಯಾಬ್ ಕೋಟ್ ಇಲ್ಲದ್ದಕ್ಕೆ ಹೊರಗೆ ನಿಂತ, ಯಾರು ಮಧ್ಯಾಹ್ನ ಊಟ ಮಾಡುವುದಿಲ್ಲ ಎನ್ನುವುದು ಅಧ್ಯಾಪಕರಿಗಿಂತ ಮೊದಲು ಅವರ ಕಣ್ಣಿಗೆ ಬೀಳುತ್ತದೆ.

ಪ್ರವೇಶಕ್ಕೆ ಮೂರು ವಾರ ಮೊದಲು

ನಾಲ್ಕು ಪುಟದ ಕೈಪಿಡಿಯೊಂದನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿದ್ಧ ಮಾಡಿ. ಮೊದಲ ಪುಟದಲ್ಲಿ ದಾರಿ. ಇದು ಸಣ್ಣ ವಿಷಯವಲ್ಲ. ತುಮಕೂರು ವಿಶ್ವವಿದ್ಯಾಲಯಕ್ಕೆ ಬಿ.ಎಚ್. ರಸ್ತೆಯ ಆವರಣವೂ ಇದೆ, ಬಿದರೆಕಟ್ಟೆಯ ಹೊಸ ಆವರಣವೂ ಇದೆ. ಕೋಲಾರದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಕಚೇರಿ ಟಮಕದಲ್ಲಿದ್ದರೆ ಸ್ನಾತಕೋತ್ತರ ಕೇಂದ್ರ ಮಂಗಸಂದ್ರದಲ್ಲಿದೆ. ಮೊದಲ ದಿನವೇ ತಪ್ಪು ಕಡೆ ಇಳಿದು ಒಂದು ಗಂಟೆ ತಡವಾಗಿ ಬಾಗಿಲಲ್ಲಿ ನಿಂತವರು ಆ ಮುಜುಗರವನ್ನು ವಾರಗಟ್ಟಲೆ ಹೊತ್ತು ತಿರುಗುತ್ತಾರೆ. ಯಾವ ನಿಲ್ದಾಣದಲ್ಲಿ ಇಳಿಯಬೇಕು, ಅಲ್ಲಿಂದ ನಡೆದರೆ ಎಷ್ಟು ನಿಮಿಷ, ಯಾವ ಕಟ್ಟಡ, ಯಾವ ಮಹಡಿ ಎಂದು ಬರೆಯಿರಿ.

ಎರಡನೇ ಪುಟದಲ್ಲಿ ಖರ್ಚು, ರೂಪಾಯಿ ಲೆಕ್ಕದಲ್ಲಿ: ಶುಲ್ಕ, ಲ್ಯಾಬ್ ಕೋಟ್, ರೆಕಾರ್ಡ್ ಪುಸ್ತಕ, ಕ್ಯಾಲ್ಕುಲೇಟರ್, ಕ್ಷೇತ್ರ ಪ್ರವಾಸ, ಪ್ರಾಜೆಕ್ಟ್ ಬೈಂಡಿಂಗ್. ಯಾವುದು ಮೊದಲ ವಾರವೇ ಬೇಕು, ಯಾವುದಕ್ಕೆ ಎರಡು ತಿಂಗಳು ಸಮಯವಿದೆ ಎಂದು ಬೇರೆಬೇರೆ ಮಾಡಿ. ಮೂರನೇ ಪುಟದಲ್ಲಿ ಜನ: ಯಾವ ಕೆಲಸಕ್ಕೆ ಯಾರು, ಎಲ್ಲಿ, ಎಷ್ಟು ಗಂಟೆಗೆ ಸಿಗುತ್ತಾರೆ. ನಾಲ್ಕನೆಯದರಲ್ಲಿ ಹಾಜರಾತಿ, ಇಂಟರ್ನಲ್ಸ್, ರೆಕಾರ್ಡ್ ಅಂಕಗಳ ನಿಯಮ, ಜೊತೆಗೆ ದೂರು ಕೊಡುವ ದಾರಿ. ಹೋದ ವರ್ಷದ ವಿದ್ಯಾರ್ಥಿಗಳಿಗೆ ಒಮ್ಮೆ ಓದಿಸಿ, 'ನಿಮಗೆ ತಡವಾಗಿ ಗೊತ್ತಾದದ್ದು ಇದರಲ್ಲಿ ಏನಿಲ್ಲ?' ಎಂದು ಕೇಳಿ. ಬಿಟ್ಟುಹೋದದ್ದು ಅಲ್ಲೇ ಸಿಗುತ್ತದೆ.

ಮೊದಲ ವಾರ

ಒಬ್ಬೊಬ್ಬರನ್ನೇ ಎಬ್ಬಿಸಿ, 'ಹೆಸರು, ಕಾಲೇಜು, ಪರ್ಸೆಂಟೇಜ್ ಹೇಳಿ' ಎಂದು ಇಂಗ್ಲಿಷಿನಲ್ಲಿ ಪರಿಚಯ ಮಾಡಿಸುವ ಪದ್ಧತಿ ನಿಲ್ಲಿಸಿ. ಯಾರಿಗೆ ಇಂಗ್ಲಿಷ್ ಬರುತ್ತದೆ, ಯಾರಿಗೆ ಅಂಕ ಕಡಿಮೆ ಎಂದು ಹತ್ತೇ ನಿಮಿಷದಲ್ಲಿ ತರಗತಿಯನ್ನು ಎರಡು ಮಾಡಿಬಿಡುತ್ತದೆ ಅದು. ಬದಲಿಗೆ ಅಕ್ಕಪಕ್ಕದ ಇಬ್ಬರು ಐದು ನಿಮಿಷ ಮಾತಾಡಿ, ಒಬ್ಬರು ಇನ್ನೊಬ್ಬರನ್ನು ಪರಿಚಯಿಸಲಿ, ತಮಗೆ ಬೇಕಾದ ಭಾಷೆಯಲ್ಲಿ. ಊರು, ಏನೆಂದು ಕರೆಯಬೇಕು, ಬಿ.ಎಸ್ಸಿ.ಯಲ್ಲಿ ಇಷ್ಟವಾದ ಒಂದು ಪ್ರಯೋಗ, ಇಷ್ಟು ಸಾಕು. 'ನೀವು ಯಾವ ಜನ?', 'ನಿಮ್ಮಪ್ಪ ಏನು ಮಾಡ್ತಾರೆ?' ಎಂಬ ಪ್ರಶ್ನೆಗಳು ಅಧ್ಯಾಪಕರ ಬಾಯಿಂದ ಬರಲೇಬಾರದು. ಕೇಳುವವರಿಗೆ ಅದು ಮಾತು ಬೆಳೆಸುವ ದಾರಿ ಇರಬಹುದು. ಉತ್ತರ ಹೇಳುವ ವಿದ್ಯಾರ್ಥಿಗೆ ಅಲ್ಲೇ ಗಂಟಲು ಕಟ್ಟುತ್ತದೆ.

ಆ ದಿನವೇ ಕಟ್ಟಡ ಸುತ್ತಿಸಿ: ಕುಡಿಯುವ ನೀರು, ಶೌಚಾಲಯ, ಗ್ರಂಥಾಲಯ, ಊಟಕ್ಕೆ ಕೂರುವ ಜಾಗ. ಅಟೆಂಡರ್, ಲೈಬ್ರರಿಯನ್, ಅತಿಥಿ ಉಪನ್ಯಾಸಕರು ಎಲ್ಲರನ್ನೂ ಹೆಸರು ಹೇಳಿ, 'ಇವರು' ಎಂದೇ ಪರಿಚಯಿಸಿ. ಅಟೆಂಡರನ್ನು ಮೇಷ್ಟ್ರು ಏಕವಚನದಲ್ಲಿ ಕರೆದರೆ ಹುಡುಗರೂ ಹಾಗೇ ಕರೆಯುತ್ತಾರೆ. ಯಾರಿಗೆ ಎಷ್ಟು ಮರ್ಯಾದೆ ಎನ್ನುವ ಪಾಠ ಅಲ್ಲಿಂದಲೇ ಶುರು.

ಸೀನಿಯರ್‌ಗಳಿಗೆ ಕೆಲಸ ಕೊಡಿ

ಒಬ್ಬ ಸೀನಿಯರ್‌ಗೆ ಮೂರ್ನಾಲ್ಕು ಜೂನಿಯರ್‌ಗಳನ್ನು ಜೋಡಿಸಿ. ಒಂದೇ ಊರು, ಒಂದೇ ಹಾಸ್ಟೆಲ್ ನೋಡಿ ಜೋಡಿಸಬೇಡಿ, ಹಾಗೆ ಮಾಡಿದರೆ ಇದ್ದ ಗುಂಪುಗಳೇ ಗಟ್ಟಿಯಾಗುತ್ತವೆ. ಹುಡುಗಿಯರ ಗುಂಪಿಗೆ ಹುಡುಗಿಯೇ ಇರುವುದು ಒಳ್ಳೆಯದು, ಮನೆಯವರಿಗೂ ನೆಮ್ಮದಿ. 'ಸಹಾಯ ಮಾಡಿ' ಎಂದು ಬಿಟ್ಟರೆ ಎರಡು ವಾರದಲ್ಲಿ ನಿಂತುಹೋಗುತ್ತದೆ. ಆದ್ದರಿಂದ ವಾರ ಗೊತ್ತುಮಾಡಿ: ಮೊದಲ ವಾರ ಲ್ಯಾಬ್ ಮತ್ತು ಲೈಬ್ರರಿ, ಮೂರನೇ ವಾರ ರೆಕಾರ್ಡ್ ಬರೆಯುವ ಕ್ರಮ, ಆರನೇ ವಾರ ಇಂಟರ್ನಲ್ಸ್‌ಗೆ ಹಳೆಯ ಪ್ರಶ್ನೆಪತ್ರಿಕೆ, ಹತ್ತನೇ ವಾರ ಪ್ರಾಜೆಕ್ಟ್ ಆಯ್ಕೆ. ಪ್ರತಿ ಸಲವೂ ಕಾಲೇಜಿನ ಆವರಣದಲ್ಲೇ, ಹಗಲಲ್ಲೇ, ಅರ್ಧ ಗಂಟೆ.

ಸೀನಿಯರ್‌ಗಳಿಗೆ ಮೊದಲೇ ಒಂದು ಗಂಟೆ ತರಬೇತಿ ಕೊಡಿ. ಸಾಲ ಕೊಡುವುದು, ಪ್ರಾಣದ ವಿಷಯವನ್ನು ಗುಟ್ಟಾಗಿ ಇಟ್ಟುಕೊಳ್ಳುವುದು ಅವರ ಕೆಲಸವಲ್ಲ ಎಂದು ತಿಳಿಹೇಳಿ. ಜೂನಿಯರ್ ಒಬ್ಬ 'ಬದುಕೋಕೆ ಇಷ್ಟ ಇಲ್ಲಕ್ಕ' ಎಂದರೆ ಅವನನ್ನು ಒಬ್ಬನೇ ಬಿಡದೆ ಅಧ್ಯಾಪಕರಿಗೆ ತಿಳಿಸಬೇಕು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬೇಕು. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಫ್ರೆಷರ್ಸ್ ಡೇ ಮಾಡಿ, ಆದರೆ ಹೊಸಬರಿಂದ ಹಣ ಎತ್ತಬೇಡಿ. ವೇದಿಕೆಗೆ ಕರೆದು ಹಾಡು, ಕುಣಿ ಎನ್ನುವುದು ಬೇಡ. ಅದನ್ನು ಪ್ರೀತಿಯಿಂದ ಮಾಡಿದೆವು ಅಂದರೂ 2009ರ ಯುಜಿಸಿ ನಿಯಮಗಳು ರ‍್ಯಾಗಿಂಗ್ ಎಂದು ಹೇಳುವುದರೊಳಗೆ ಬಲವಂತದ ಕುಣಿತವೂ ಬರುತ್ತದೆ. ರ‍್ಯಾಗಿಂಗ್ ಸಹಾಯವಾಣಿ 1800-180-5522 ನೋಟಿಸ್ ಬೋರ್ಡಿನಲ್ಲಿ ದೊಡ್ಡ ಅಕ್ಷರದಲ್ಲಿರಲಿ.

ಲ್ಯಾಬ್

ಹೆಚ್ಚು ಗಮನ ಬೇಕಾಗಿರುವುದು ಇಲ್ಲಿ. ತರಗತಿಯಲ್ಲಿ ಹಿಂದೆ ಕೂತವರು ಹೇಗೋ ಓದಿಕೊಳ್ಳುತ್ತಾರೆ. ಲ್ಯಾಬಿನಲ್ಲಿ ಉಪಕರಣ ಮುಟ್ಟದೆ ಎರಡು ವರ್ಷ ಕಳೆದವರಿಗೆ ಆ ನಷ್ಟ ಮುಂದೆ ತುಂಬಿಬರುವುದಿಲ್ಲ.

ಗುಂಪುಗಳನ್ನು ವಿದ್ಯಾರ್ಥಿಗಳಿಗೇ ಬಿಟ್ಟರೆ ಪರಿಚಯ, ಜಾತಿ, ಹಾಸ್ಟೆಲ್ ನೋಡಿಯೇ ಸೇರಿಕೊಳ್ಳುತ್ತಾರೆ, ಕೊನೆಗೆ ಯಾರಿಗೂ ಬೇಡವಾದ ಇಬ್ಬರು ಉಳಿಯುತ್ತಾರೆ. ಪ್ರವೇಶ ಪಟ್ಟಿಯ ಕ್ರಮದಲ್ಲಿ ಮಾಡಿದರೆ ಅಂಕ ಅಥವಾ ಮೀಸಲಾತಿ ವರ್ಗದ ಪ್ರಕಾರ ಗುಂಪಾಗುವ ಅಪಾಯವಿದೆ. ಚೀಟಿ ಎತ್ತಿ, ಮೂವರ ಗುಂಪು ಮಾಡಿ, ಆರು ವಾರಕ್ಕೊಮ್ಮೆ ಬದಲಿಸಿ. ಹುಡುಗಿಯರು ಕಡಿಮೆ ಇರುವ ಭೌತಶಾಸ್ತ್ರದಂಥ ಕಡೆ ಮೊದಲ ಆರು ವಾರ ಒಬ್ಬಳೇ ಹುಡುಗಿ ಇರುವ ಗುಂಪು ಬೇಡ. ಇಬ್ಬರಿದ್ದರೆ ಇಬ್ಬರೂ ಮಾತಾಡುತ್ತಾರೆ.

ಗುಂಪು ಸರಿಯಾದರೂ ಒಳಗಿನ ಕೆಲಸ ತಪ್ಪಬಹುದು. ಹುಡುಗರು ಮೀಟರ್ ತಿರುಗಿಸುವುದು, ಹುಡುಗಿಯರು ಅಂದವಾಗಿ ರೀಡಿಂಗ್ ಬರೆಯುವುದು, ಇನ್ನೊಬ್ಬ ಗಾಜಿನ ಸಾಮಾನು ತೊಳೆಯುವುದು ಎಷ್ಟೋ ಲ್ಯಾಬುಗಳಲ್ಲಿ ರೂಢಿಯಾಗಿಬಿಟ್ಟಿದೆ. ಮೂರು ಪಾತ್ರ ಮಾಡಿ: ಉಪಕರಣ ನಡೆಸುವವರು, ಅಳತೆ ಓದಿ ಬರೆಯುವವರು, ಲೆಕ್ಕ ಮತ್ತು ದೋಷ ನೋಡುವವರು. ಪ್ರತಿ ವಾರ ಪಾತ್ರ ಬದಲಾಗಲಿ, ಯಾರು ಯಾವುದು ಎಂದು ಬೆಂಚಿನ ಮೇಲಿನ ಹಾಳೆಯಲ್ಲಿ ಬರೆದಿರಲಿ. ತೊಳೆಯುವುದು ಪಾತ್ರವಲ್ಲ, ಮೂವರೂ ಸೇರಿ ಕೊನೆಯ ಹತ್ತು ನಿಮಿಷ ಮಾಡಬೇಕು. ಪೊರಕೆ, ಬಕೆಟ್ಟಿನ ಕೆಲಸಕ್ಕೆ ಪ್ರತಿಸಲವೂ ಒಬ್ಬನೇ ಹುಡುಗನ ಹೆಸರು ಬಾಯಿಗೆ ಬರುತ್ತಿದ್ದರೆ ಯಾಕೆ ಎಂದು ನಿಂತು ಯೋಚಿಸಿ. ವೈವಾದಲ್ಲಿ, ಅಂದರೆ ಬಾಯಿಪರೀಕ್ಷೆಯಲ್ಲಿ, ಪ್ರತಿಯೊಬ್ಬರಿಗೂ ಉಪಕರಣ ನಡೆಸಿದ ವಾರದ ಪ್ರಶ್ನೆಯನ್ನೇ ಕೇಳಿದರೆ ಪಾತ್ರ ತಪ್ಪಿಸಿಕೊಳ್ಳುವುದು ತಾನೇ ನಿಲ್ಲುತ್ತದೆ.

ಬಣ್ಣ ಗುರುತಿಸಲು ಕಷ್ಟವಿರುವ ವಿದ್ಯಾರ್ಥಿಗಳು, ಅದರಲ್ಲೂ ಹುಡುಗರು, ಆಗಾಗ ಸಿಗುತ್ತಾರೆ. ಎಷ್ಟೋ ಜನಕ್ಕೆ ತಮಗೆ ಹಾಗಿದೆ ಎಂದೇ ಗೊತ್ತಿರುವುದಿಲ್ಲ, 'ಟೈಟ್ರೇಶನ್ ಬರಲ್ಲ ಅವನಿಗೆ' ಎಂಬ ಹೆಸರು ಬಂದಿರುತ್ತದೆ. ಟೈಟ್ರೇಶನ್ನಿನ ಸೂಚಕವಾದ ಮೀಥೈಲ್ ಆರೆಂಜ್ ಕೆಂಪಿನಿಂದ ಹಳದಿಗೆ ತಿರುಗುವುದು ಅವರಿಗೆ ಕಾಣುವುದೇ ಕಷ್ಟ. ಬಣ್ಣವಿಲ್ಲದ್ದು ಗುಲಾಬಿಯಾಗುವ ಫಿನಾಲ್ಫ್‌ಥಲೀನ್ ಕೂಡ ಬಿಳಿ ಟೈಲ್ ಕೆಳಗಿಟ್ಟರೆ ಮಾತ್ರ ಸುಮಾರಾಗಿ ಕಾಣಬಹುದು. ಪಿಎಚ್ ಮೀಟರ್ ಕೊಟ್ಟು, ಗ್ರಾಫ್ ಎಳೆದು ಅಂತ್ಯಬಿಂದು ಕಂಡುಹಿಡಿಯಲು ಹೇಳಿ. ಅದು ರಿಯಾಯಿತಿ ಅಲ್ಲ, ಇನ್ನೊಂದು ಕ್ರಮಬದ್ಧ ವಿಧಾನ. ರೆಸಿಸ್ಟರಿನ ಬಣ್ಣದ ಪಟ್ಟಿ ಓದಲಾಗದವರಿಗೆ ಮಲ್ಟಿಮೀಟರ್ ಕೊಡಿ. ಬ್ಯಾಕ್ಟೀರಿಯಾ ಸ್ಟೇನಿಂಗ್‌ನಲ್ಲಿ ಬಣ್ಣ ಹೇಳುವುದನ್ನು ಜೊತೆಗಾರರು ಮಾಡಲಿ, ವ್ಯಾಖ್ಯಾನ ಅವರದೇ ಇರಲಿ.

ಎತ್ತರ ಕಡಿಮೆ ಇರುವವರಿಗೆ ಬ್ಯುರೆಟ್ ತುಂಬಲು ಗಟ್ಟಿಯಾದ ಮಣೆಯೊಂದು ಬೇಕು. ಇಲ್ಲದಿದ್ದರೆ ಆಸಿಡ್ಡನ್ನು ಕಣ್ಣಿನ ಮಟ್ಟಕ್ಕಿಂತ ಮೇಲೆ ಸುರಿಯುತ್ತಾರೆ, ಅದು ನೇರ ಅಪಾಯ. ಬ್ಯುರೆಟ್ಟನ್ನೇ ಸ್ಟ್ಯಾಂಡಿನಲ್ಲಿ ಕೆಳಗಿಳಿಸಿ ತುಂಬುವುದನ್ನು ಎಲ್ಲರಿಗೂ ಕಲಿಸಿ. ದುಪಟ್ಟ, ಹಿಜಾಬ್, ಜಡೆ, ಪಂಚೆಯಂಥ ಉಡುಪು ಯಾವುದೇ ಇರಲಿ, ಬರ್ನರ್ ಹತ್ತಿರ ಒಂದೇ ನಿಯಮ: ಸಡಿಲ ತುದಿ ಕೋಟಿನೊಳಗೆ. ಒಬ್ಬರ ಉಡುಪನ್ನು ಮಾತ್ರ ಎತ್ತಿ ಹೇಳಬೇಡಿ. ಕನ್ನಡಕ ಹಾಕಿದವರಿಗೆ ಅದರ ಮೇಲೆ ಕೂರುವ ರಕ್ಷಣಾ ಕನ್ನಡಕ ಎರಡಾದರೂ ಇರಲಿ.

ಎಂ.ಎಸ್ಸಿ. ಓದುವಾಗಲೇ ಮದುವೆಯಾಗಿ ಗರ್ಭಿಣಿಯಾದವರು ಇರುತ್ತಾರೆ, ಮೊದಲ ತಿಂಗಳುಗಳಲ್ಲಿ ಯಾರಿಗೂ ಹೇಳುವುದಿಲ್ಲ. ಆದ್ದರಿಂದ ಸೆಮಿಸ್ಟರ್ ಶುರುವಿನಲ್ಲೇ ಇಡೀ ತರಗತಿಗೆ ಹೇಳಿ: ಫಾರ್ಮಾಲಿನ್, ಬೆಂಜೀನ್, ಎಥಿಡಿಯಂ ಬ್ರೋಮೈಡ್ ಇರುವ ಪ್ರಯೋಗ ಬೇಡವೆನಿಸಿದರೆ ಕಾರಣ ಹೇಳದೆ ಬದಲಿ ಪ್ರಯೋಗ ಕೇಳಬಹುದು. ಮೂರು ಗಂಟೆಯ ಲ್ಯಾಬಿನ ನಡುವೆ ಅನುಮತಿ ಕೇಳದೆ ಶೌಚಾಲಯಕ್ಕೆ ಹೋಗಿಬರಬಹುದು ಎಂದೂ ಬಾಗಿಲ ಮೇಲೆ ಬರೆಯಿರಿ. ಆ ಶೌಚಾಲಯದಲ್ಲಿ ನೀರು, ಒಳಚಿಲಕ, ಮುಚ್ಚಳವಿರುವ ಕಸದ ಬುಟ್ಟಿ ಇದೆಯೇ ಎಂದು ದಿನಕ್ಕೆ ಎರಡು ಸಲ ಯಾರಾದರೂ ನೋಡಲೇಬೇಕು. ಹೆಣ್ಣುಮಕ್ಕಳು ಮಧ್ಯಾಹ್ನದ ಲ್ಯಾಬ್ ತಪ್ಪಿಸುತ್ತಿದ್ದರೆ ಕಾರಣ ಪಠ್ಯದಲ್ಲಿ ಹುಡುಕುವ ಮೊದಲು ಇಲ್ಲಿ ಹುಡುಕಿ.

ಭಾಷೆ

ಪರಿಕಲ್ಪನೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳಿ, ಪಾರಿಭಾಷಿಕ ಪದವನ್ನು ಇಂಗ್ಲಿಷಿನಲ್ಲೇ ಬೋರ್ಡಿನ ಮೇಲೆ ಬರೆಯಿರಿ. ಎಂಟ್ರೋಪಿಗೆ ಕನ್ನಡ ಪದ ಹುಡುಕಿ ಕಂಗೆಡಬೇಕಿಲ್ಲ. ಕಷ್ಟ ಕೊಡುವುದು ಇಂಥ ಪದಗಳಿಗಿಂತ ಹೆಚ್ಚಾಗಿ ಪ್ರಶ್ನೆಯ ಕ್ರಿಯಾಪದಗಳು. ಡಿರೈವ್, ಡಿಡ್ಯೂಸ್, ಡಿಸ್ಕಸ್, ಜಸ್ಟಿಫೈ, ಔಟ್‌ಲೈನ್, ಡಿಸ್ಟಿಂಗ್ವಿಷ್. ಎಲ್ಲಕ್ಕೂ 'ಬರೆಯಿರಿ' ಎಂದೇ ಅರ್ಥ ಮಾಡಿಕೊಂಡು, ಗೊತ್ತಿದ್ದ ಉತ್ತರಕ್ಕೂ ಅರ್ಧ ಅಂಕ ಕಳೆದುಕೊಳ್ಳುತ್ತಾರೆ. ಇಂಥ ನಲವತ್ತು ಪದಗಳ ಹಾಳೆಯೊಂದನ್ನು ಮಾಡಿ, ಪ್ರತಿಯೊಂದಕ್ಕೂ ಹಳೆಯ ಪತ್ರಿಕೆಯಿಂದ ಒಂದು ಪ್ರಶ್ನೆ, ಅದಕ್ಕೆ ಎಂಥ ಉತ್ತರ ಬೇಕು ಎಂದು ಎರಡು ಸಾಲು ಕೊಡಿ. ಮೊದಲ ಎರಡು ವಾರದಲ್ಲಿ ಇದನ್ನು ಮುಗಿಸಿದರೆ ಮೊದಲ ಇಂಟರ್ನಲ್ಸ್‌ನಲ್ಲೇ ವ್ಯತ್ಯಾಸ ಕಾಣುತ್ತದೆ.

ಪ್ರಶ್ನೆ ಕೇಳಿದ ಮೇಲೆ ಹತ್ತು ಸೆಕೆಂಡು ಸುಮ್ಮನಿರಿ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿಗೆ ತರುವವರಿಗೆ ಅಷ್ಟು ಬೇಕೇ ಬೇಕು. ಎರಡು ಸೆಕೆಂಡಿಗೇ ಉತ್ತರ ಕಿತ್ತುಕೊಂಡರೆ ಮುಂದಿನ ಬೆಂಚಿನ ಮೂವರೇ ವರ್ಷವಿಡೀ ಮಾತಾಡುತ್ತಾರೆ. 'ಇಷ್ಟೂ ಗೊತ್ತಿಲ್ವಾ?' ಎಂಬ ಮಾತು ಒಮ್ಮೆ ಬಂದರೆ ಆ ವಿದ್ಯಾರ್ಥಿಯಷ್ಟೇ ಅಲ್ಲ, ಅಕ್ಕಪಕ್ಕದವರೂ ಕೈ ಎತ್ತುವುದನ್ನು ಬಿಡುತ್ತಾರೆ. ಬಾಯಿಬಿಟ್ಟು ಕೇಳಲು ಹಿಂಜರಿಯುವವರಿಗೆ ಬಾಗಿಲ ಹತ್ತಿರ ಒಂದು ಡಬ್ಬಿ ಇಡಿ, ಹೆಸರಿಲ್ಲದೆ ಯಾವ ಭಾಷೆಯಲ್ಲಾದರೂ ಚೀಟಿ ಹಾಕಲಿ. ವಾರದ ಕೊನೆಯ ತರಗತಿಯ ಮೊದಲ ಹದಿನೈದು ನಿಮಿಷ ಅದಕ್ಕೇ ಮೀಸಲು. ಚೀಟಿ ಓದದೆ ಎರಡು ವಾರ ಬಿಟ್ಟರೆ ಮತ್ತೆ ಯಾರೂ ಹಾಕುವುದಿಲ್ಲ.

ಮೊದಲ ಸೆಮಿನಾರ್ ಐದೇ ನಿಮಿಷದ್ದಾಗಿರಲಿ, ಸ್ಲೈಡ್ ಇಂಗ್ಲಿಷಿನಲ್ಲಿ, ಮಾತು ಕನ್ನಡದಲ್ಲಿ ಇರಬಹುದು. ಮೂರನೇ ಸೆಮಿಸ್ಟರಿನ ಹೊತ್ತಿಗೆ ಹದಿನೈದು ನಿಮಿಷ, ಇಂಗ್ಲಿಷಿನಲ್ಲಿ. ಮುಂದೆ ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್, ಕೆಸೆಟ್, ಕಂಪನಿಯ ಸಂದರ್ಶನ ಎಲ್ಲಕ್ಕೂ ಇಂಗ್ಲಿಷ್ ಬೇಕಾಗುವುದರಿಂದ ಅದನ್ನು ಕೈಬಿಡುವಂತಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಬೇಕು. ತೆಲುಗು, ತಮಿಳು, ಉರ್ದು ಮನೆಯವರ ಕನ್ನಡವನ್ನು ಆಡಿಕೊಳ್ಳುವುದನ್ನೂ ಅಷ್ಟೇ ಗಟ್ಟಿಯಾಗಿ ತಡೆಯಿರಿ.

ಬಸ್ಸು, ಫೋನು, ವೇಳಾಪಟ್ಟಿ

ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿ.ಮೀ. ದಾರಿ. ಬೆಳಗಿನ ಬಸ್ಸು ತುಂಬಿ ನಿಲ್ಲಿಸದೆ ಹೋದರೆ ಮೊದಲ ಪೀರಿಯಡ್ ಹೋಯಿತೆಂದೇ ಲೆಕ್ಕ. ಪ್ರವೇಶದ ದಿನವೇ ಒಂದು ಹಾಳೆ ತುಂಬಿಸಿಕೊಳ್ಳಿ: ಎಲ್ಲಿಂದ, ಮನೆ ಬಿಡುವ ಹೊತ್ತು, ಊರಿಗೆ ಕೊನೆಯ ಬಸ್ಸು ಎಷ್ಟಕ್ಕೆ, ಸ್ವಂತ ಫೋನ್ ಇದೆಯೇ ಅಥವಾ ಮನೆಯವರದೇ, ಲ್ಯಾಪ್‌ಟಾಪ್ ಇದೆಯೇ. ಆಮೇಲೆ ವೇಳಾಪಟ್ಟಿ ಮಾಡಿ. ಮೊದಲ ಪೀರಿಯಡ್‌ಗೆ ಇಂಟರ್ನಲ್ಸ್, ವೈವಾ ಇಡಬೇಡಿ, ಲೆಕ್ಕ ಬಿಡಿಸುವ ತರಗತಿ ಇಡಿ. ಲ್ಯಾಬ್ ನಾಲ್ಕಕ್ಕೆ ಮುಗಿಯಲಿ. ವಿಶೇಷ ಉಪನ್ಯಾಸಗಳನ್ನು ಸಂಜೆ ಇಟ್ಟರೆ ಹಾಸ್ಟೆಲ್‌ನವರಿಗೆ ಮಾತ್ರ ಅದು ಸಿಗುತ್ತದೆ, ಮಧ್ಯಾಹ್ನ ಹನ್ನೆರಡಕ್ಕೆ ಇಡಿ. ಶುಕ್ರವಾರದ ಊಟದ ಬಿಡುವನ್ನು ನಮಾಜಿಗೂ ಸಾಕಾಗುವಂತೆ ಇಟ್ಟರೆ ಪ್ರತಿ ವಾರ ಒಬ್ಬೊಬ್ಬರೇ ಅನುಮತಿ ಕೇಳುವುದು ತಪ್ಪುತ್ತದೆ.

ನೋಟಿಸ್ ಎರಡು ಕಡೆ ಬರಬೇಕು: ಬೋರ್ಡಿನಲ್ಲಿ ಮತ್ತು ವಿಭಾಗದ ಒಂದೇ ವಾಟ್ಸಾಪ್ ಗುಂಪಿನಲ್ಲಿ. ಕನಿಷ್ಠ 48 ಗಂಟೆ ಮೊದಲು, ರಾತ್ರಿ ಎಂಟರ ನಂತರ ಬೇಡ. ಮನೆಯವರ ಫೋನಿಗೆ ರಾತ್ರಿ ಹತ್ತಕ್ಕೆ ಮೇಷ್ಟ್ರ ಮೆಸೇಜ್ ಬಂದರೆ ಕೆಲವು ಮನೆಗಳಲ್ಲಿ ಹುಡುಗಿಯ ಓದೇ ಪ್ರಶ್ನೆಯಾಗುತ್ತದೆ.

ಹಣ ಮತ್ತು ಅರ್ಜಿ

ಎಷ್ಟೋ ಜನ ಬಿಟ್ಟುಹೋಗುವುದು ಸ್ಕಾಲರ್‌ಶಿಪ್ ಇಲ್ಲದ್ದಕ್ಕಲ್ಲ, ಅರ್ಜಿ ಎಲ್ಲೋ ಸಿಕ್ಕಿಕೊಂಡದ್ದಕ್ಕೆ. ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಆದ ಎಸ್‌ಎಸ್‌ಪಿಯಲ್ಲಿ ಅರ್ಜಿ ನಿಲ್ಲುವ ಜಾಗಗಳು ಹೆಚ್ಚುಕಡಿಮೆ ಇವೇ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೂ ಆಧಾರ್‌ನ ಹೆಸರಿಗೂ ಹೊಂದದಿರುವುದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದಿರುವುದು, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುವುದು, ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್ ತಪ್ಪಾಗಿ ಹಾಕಿರುವುದು. ಹೆಸರು ತಿದ್ದಿಸಲು, ನಾಡಕಚೇರಿಯಿಂದ ಹೊಸ ಪತ್ರ ತರಲು ದಿನಗಳೇ ಬೇಕು, ಕೊನೆಯ ವಾರದಲ್ಲಿ ಆಗುವ ಕೆಲಸವಲ್ಲ. ಆದ್ದರಿಂದ ಪ್ರವೇಶವಾದ ಹದಿನೈದು ದಿನದೊಳಗೆ ಈ ನಾಲ್ಕನ್ನೂ ಎಲ್ಲರದೂ ಒಮ್ಮೆ ನೋಡಿ. ವಾರಕ್ಕೊಂದು ದಿನ ಊಟದ ಬಿಡುವಿನಲ್ಲಿ ಒಬ್ಬ ಗುಮಾಸ್ತರು, ಇಬ್ಬರು ಸೀನಿಯರ್‌ಗಳು ಒಂದು ಮೇಜು ಹಾಕಿ ಕೂರಲಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ರಾಜ್ಯದ ವಿದ್ಯಾಸಿರಿ ಯೋಜನೆಯಲ್ಲಿ ಊಟ-ವಸತಿಗೆ ತಿಂಗಳ ಲೆಕ್ಕದಲ್ಲಿ ನೆರವಿದೆ. ಇದನ್ನು ಕೇಳಿಯೇ ಇಲ್ಲದವರು ಸಿಗುತ್ತಾರೆ.

ವಿಭಾಗದ ಬೀರುವಿನಲ್ಲಿ ಹತ್ತು ಲ್ಯಾಬ್ ಕೋಟ್, ಐದು ಕ್ಯಾಲ್ಕುಲೇಟರ್ ಇಡಿ. ಪಾಸಾಗಿ ಹೋಗುವವರಿಂದ ಕೇಳಿದರೆ ಕೊಡುತ್ತಾರೆ. ಅಳತೆಗಳು ಬೇರೆಬೇರೆ ಇರಲಿ. ಬೇಕಾದವರು ಪುಸ್ತಕದಲ್ಲಿ ರೋಲ್ ನಂಬರ್ ಬರೆದು ತೆಗೆದುಕೊಳ್ಳಲಿ, 'ಬಡವರಿಗೆ' ಎಂಬ ಮಾತು ಎಲ್ಲೂ ಬೇಡ.

ಜಾತಿ ಒಳಬರುವ ದಾರಿಗಳು

ಪ್ರವೇಶ ಪಟ್ಟಿಯನ್ನು ಜಿಎಂ, 2ಎ, ಎಸ್‌ಸಿ, ಎಸ್‌ಟಿ ಎಂಬ ಕಾಲಂ ಸಮೇತ ಇಡೀ ವರ್ಷ ಬೋರ್ಡಿನಲ್ಲಿ ಬಿಡುವುದು, ಹಾಜರಿ ಪುಸ್ತಕದಲ್ಲಿ ಹೆಸರಿನ ಪಕ್ಕ ವರ್ಗ ಬರೆಯುವುದು, ಸ್ಕಾಲರ್‌ಶಿಪ್ ನೋಟಿಸ್ ಬಂದಾಗ 'ಎಸ್‌ಸಿ, ಎಸ್‌ಟಿಯವರು ಎದ್ದು ನಿಲ್ಲಿ' ಎನ್ನುವುದು, ಈ ಮೂರನ್ನು ಇಂದೇ ನಿಲ್ಲಿಸಬಹುದು, ಒಂದು ರೂಪಾಯಿ ಖರ್ಚಿಲ್ಲ. ನೋಟಿಸನ್ನು ಇಡೀ ತರಗತಿಗೆ ಓದಿ, ಅರ್ಹರು ಕಚೇರಿಗೆ ಬರಲಿ. ವರ್ಗದ ಮಾಹಿತಿ ಕಚೇರಿಯ ಕಡತದಲ್ಲಿದ್ದರೆ ಸಾಕು. ಮೀಸಲಾತಿಯಲ್ಲಿ ಸೀಟು ಬಂತು ಎಂದು ಸಹಪಾಠಿಗಳು ಚುಚ್ಚಿದರೆ ಅದನ್ನು ಹುಡುಗರ ಜಗಳ ಎಂದು ತೇಲಿಸಬೇಡಿ, ಕರೆದು ಮಾತಾಡಿ, ಬರೆದಿಡಿ.

ಊಟದ ಹೊತ್ತಿನಲ್ಲಿ ಯಾರು ಯಾರ ಜೊತೆ ಕೂರುತ್ತಾರೆ ಎಂದು ನಿಯಮ ಮಾಡಲಾಗದು. ಆದರೆ ವಿಭಾಗವೇ ಹಾಕಿಸುವ ಊಟದಲ್ಲಿ ಒಂದೇ ಸಾಲು, ಒಂದೇ ಜಾಗ, ಬಡಿಸುವ ಕೆಲಸ ಚೀಟಿ ಎತ್ತಿ. ದೇವರಾಯನದುರ್ಗಕ್ಕೋ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳ ಕಾವಲಿಗೋ, ಕೋಲಾರದ ಅಂತರಗಂಗೆಗೋ ಕ್ಷೇತ್ರ ಪ್ರವಾಸ ಹೋದಾಗಲೂ ಹೀಗೇ. ದಾರಿಯಲ್ಲಿ ಶೌಚಾಲಯ ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ. ಕೊನೆಯ ಬಸ್ಸಿಗೆ ಮೊದಲು ವಾಪಸ್ಸು ಬನ್ನಿ. ಖರ್ಚು ಕೊಡಲಾಗದವರಿಗೆ ಅಷ್ಟೇ ಅಂಕದ, ಊರ ಹತ್ತಿರದ ಕ್ಷೇತ್ರಕಾರ್ಯ ಕೊಡಿ.

ಆಯುಧಪೂಜೆ ಬಹಳಷ್ಟು ಲ್ಯಾಬುಗಳಲ್ಲಿ ನಡೆಯುತ್ತದೆ. ಮಾಡುವುದಾದರೆ ಚಂದಾ ಕಡ್ಡಾಯವಿಲ್ಲ, ಹಾಜರಿ ಇಲ್ಲ, ಬಾರದವರನ್ನು ಯಾಕೆ ಎಂದು ಕೇಳುವುದಿಲ್ಲ, ಬಂದವರಲ್ಲಿ ಇಂಥವರು ದೂರ ನಿಲ್ಲಿ ಎನ್ನುವುದಂತೂ ಇಲ್ಲವೇ ಇಲ್ಲ ಎಂದು ಮೊದಲೇ ಸ್ಪಷ್ಟವಾಗಿರಲಿ. ಮಸೂರ, ಬ್ಯಾಲೆನ್ಸ್‌ನ ತಟ್ಟೆ, ದ್ರಾವಣ ಹಾಕಿ ಅಳೆಯುವ ಕ್ಯುವೆಟ್‌ಗಳಿಗೆ ಅರಿಶಿನ-ಕುಂಕುಮ ತಾಗದಿರಲಿ, ಪುಡಿ ಒಳಗೆ ಸೇರಿದರೆ ಅಳತೆ ಕೆಡುತ್ತದೆ.

ಅಂಗವಿಕಲ ವಿದ್ಯಾರ್ಥಿಗಳಿಗೆ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಅವರಿಗೆ ಕನಿಷ್ಠ ಶೇ. 5 ಸೀಟು ಇರಬೇಕು. ಸೀಟು ಕೊಟ್ಟು ಎರಡನೇ ಮಹಡಿಯಲ್ಲಿ ತರಗತಿ ಇಟ್ಟರೆ ಕೊಟ್ಟಂತಾಗದು. ಅಗ್ಗದ ದಾರಿ ತರಗತಿಯನ್ನೇ ನೆಲಮಹಡಿಗೆ ತರುವುದು. ಇಳಿಜಾರು ಕಟ್ಟಿಸುವುದಾದರೆ ಪ್ರಮಾಣ 1:12, ಅಂದರೆ ಮೂರು ಮೆಟ್ಟಿಲಿನ 45 ಸೆಂ.ಮೀ. ಎತ್ತರಕ್ಕೆ 5.4 ಮೀಟರ್ ಉದ್ದ. ಜಾಗ ಸಾಲದೆಂದು ಎರಡು ಮೀಟರಿನಲ್ಲಿ ಮುಗಿಸಿದ ಇಳಿಜಾರಿನಲ್ಲಿ ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ. ಲ್ಯಾಬಿನ ಒಂದು ಬೆಂಚು 75–80 ಸೆಂ.ಮೀ. ಎತ್ತರಕ್ಕಿರಲಿ, ಕೆಳಗೆ ಮೊಣಕಾಲಿಗೆ ಜಾಗವಿರಲಿ.

ಕಡಿಮೆ ದೃಷ್ಟಿಯವರಿಗೆ ನೋಟ್ಸನ್ನು 18 ಪಾಯಿಂಟಿನಲ್ಲಿ ಕೊಡಿ. ಉಚಿತವಾಗಿ ಸಿಗುವ ಎನ್‌ವಿಡಿಎ ತಂತ್ರಾಂಶ ಪರದೆಯ ಮೇಲಿನದನ್ನು ಓದಿಹೇಳುತ್ತದೆ, ಆದರೆ ಮೊಬೈಲಿನಲ್ಲಿ ಫೋಟೋ ಹೊಡೆದ ನೋಟ್ಸನ್ನು ನೇರವಾಗಿ ಓದಲಾರದು. ಟೈಪ್ ಮಾಡಿದ ಕಡತವೇ ಬೇಕು. ಕಿವಿ ಮಂದವಿರುವವರಿಗಾಗಿ ಬೋರ್ಡಿನ ಕಡೆ ತಿರುಗಿಕೊಂಡು ಮಾತಾಡುವುದನ್ನು ಬಿಡಿ. ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ, ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಇಂಟರ್ನಲ್ಸ್‌ಗೂ ಇದನ್ನು ಕೊಡಿ, ಅಲ್ಲೇ ಹೆಚ್ಚಾಗಿ ಮರೆತುಹೋಗುವುದು.

ಊರಿನ ವಿಜ್ಞಾನವನ್ನು ಒಳಗೆ ತನ್ನಿ

ಹಳ್ಳಿಯಿಂದ ಬಂದವರಿಗೆ ವಿಜ್ಞಾನ ಎಲ್ಲೋ ದೂರದ್ದು ಅನ್ನಿಸುವುದನ್ನು ಈ ಮೂರು ಜಿಲ್ಲೆಗಳಲ್ಲಿ ಸುಲಭವಾಗಿ ಹೋಗಲಾಡಿಸಬಹುದು. 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣಗಳ ಸುಳಿವು ಸಿಕ್ಕಿದ್ದು ಕೋಲಾರದ ಚಿನ್ನದ ಗಣಿಯ ಆಳದಲ್ಲಿ. ಗೌರಿಬಿದನೂರಿನಲ್ಲಿ ರೇಡಿಯೊ ದೂರದರ್ಶಕವಿದೆ, ಭೂಕಂಪ ಗ್ರಹಿಸುವ ಕೇಂದ್ರವಿದೆ. ಅದೇ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಅಮೆರಿಕದಲ್ಲಿ ಪರಮಾಣು ಬೀಜ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಗೋಡೆಯ ಮೇಲೆ ನ್ಯೂಟನ್, ಐನ್‌ಸ್ಟೈನ್ ಇರಲಿ, ಅವರ ಪಕ್ಕದಲ್ಲಿ ನರಸಿಂಹಯ್ಯ, ಖಭೌತವಿಜ್ಞಾನಿ ಮೇಘನಾದ ಸಾಹಾ, ಹವಾಮಾನ ವಿಜ್ಞಾನಿ ಅನ್ನಾ ಮಣಿ, ಮೈಕ್ರೋವೇವ್ ಎಂಜಿನಿಯರ್ ರಾಜೇಶ್ವರಿ ಚಟರ್ಜಿ ಅವರೂ ಇರಲಿ.

ಚಿತ್ರಕ್ಕಿಂತ ಹೆಚ್ಚು ಕೆಲಸ ಮಾಡುವುದು ಪ್ರಾಜೆಕ್ಟ್. ಪಾವಗಡದ ವಿದ್ಯಾರ್ಥಿ ತನ್ನೂರಿನ ಕೊಳವೆಬಾವಿಯ ನೀರು ತಂದು ಫ್ಲೋರೈಡ್ ಅಳೆಯಲಿ. ಭಾರತೀಯ ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ಶಿಡ್ಲಘಟ್ಟದ ರೀಲರ್ ಮನೆಯ ಹುಡುಗಿ ರೇಷ್ಮೆ ಎಳೆಯ ಮೇಲಿನ ಅಂಟಾದ ಸೆರಿಸಿನ್ ಬಿಡಿಸುವ ಪ್ರಯೋಗ ಮಾಡಲಿ. ಗೂಡು ಎಷ್ಟು ಬೇಯಬೇಕು ಎಂಬುದು ಅವಳಿಗೆ ಮೇಷ್ಟ್ರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಕೋಲಾರದವರು ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ತುಂಬಿದ ಕೆರೆಯನ್ನೂ ತುಂಬದ ಕೆರೆಯನ್ನೂ ಹೋಲಿಸಿ ನೋಡಲಿ. ಮನೆಯ ತಿಳಿವಳಿಕೆ ತರಗತಿಯಲ್ಲಿ ಬೆಲೆಬಾಳುವುದನ್ನು ಕಂಡ ವಿದ್ಯಾರ್ಥಿ ಮಾತಾಡಲು ಶುರುಮಾಡುತ್ತಾರೆ. ಪ್ರಾಜೆಕ್ಟ್ ವಿಷಯಗಳ ಪಟ್ಟಿ ಒಂದೇ ದಿನ, ಒಂದೇ ಹೊತ್ತಿಗೆ ಎಲ್ಲರಿಗೂ ಸಿಗಲಿ. ಮೊದಲು ಬಂದವರಿಗೆ ಮೊದಲು ಎಂದರೆ ಸುದ್ದಿ ಮೊದಲು ಮುಟ್ಟಿದವರಿಗೇ ಒಳ್ಳೆಯದೆಲ್ಲ ಹೋಗುತ್ತದೆ, ಅದಕ್ಕೇ ಮೂರು ಆಯ್ಕೆ ಬರೆಸಿಕೊಂಡು ಹಂಚಿ.

ದೂರು ಬಂದಾಗ

ಲೈಂಗಿಕ ಕಿರುಕುಳದ ದೂರು ಆಂತರಿಕ ಸಮಿತಿಗೆ ಹೋಗಬೇಕು. 2013ರ ಕಾಯ್ದೆಯಂತೆ ಘಟನೆಯಾದ ಮೂರು ತಿಂಗಳೊಳಗೆ ಬರಹದಲ್ಲಿ ಕೊಡಬೇಕು, ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು, ವಿಚಾರಣೆ 90 ದಿನದೊಳಗೆ ಮುಗಿಯಬೇಕು. ವಿಭಾಗದ ಮುಖ್ಯಸ್ಥರು ತಾವೇ ವಿಚಾರಣೆಗೆ ಇಳಿಯಬಾರದು. ಇಬ್ಬರನ್ನೂ ಎದುರುಬದುರು ಕೂರಿಸಿ 'ಇಲ್ಲೇ ಮುಗಿಸಿಕೊಳ್ಳೋಣ' ಎನ್ನುವುದೇ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ತಪ್ಪು. ಹುಡುಗಿ ಮರುವಾರದಿಂದ ಕಾಲೇಜಿಗೇ ಬರುವುದಿಲ್ಲ. ಅವಳನ್ನು ಕೇಳದೆ ಮನೆಗೆ ಫೋನ್ ಮಾಡುವುದೂ ಅಷ್ಟೇ. ಕಿರುಕುಳ ನಿಲ್ಲುವ ಬದಲು ಓದು ನಿಲ್ಲಬಹುದು. ಮೊದಲು ಕೇಳಿಸಿಕೊಂಡವರ ಕೆಲಸ ನಾಲ್ಕು: ಅಡ್ಡಮಾತಾಡದೆ ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ, 'ಯಾರಿಗೂ ಹೇಳಲ್ಲ' ಎಂದು ಮಾತು ಕೊಡದೆ ಯಾರಿಗೆ ಹೇಳಬೇಕಾಗುತ್ತದೆ ಎಂದು ತಿಳಿಸಿ, ಆ ದಿನವೇ ಲ್ಯಾಬ್ ಗುಂಪು ಅಥವಾ ಗೈಡ್ ಬದಲಿಸುವ ವ್ಯವಸ್ಥೆ ಮಾಡಿ. ಬದಲಾವಣೆಯ ಭಾರ ದೂರು ಕೊಟ್ಟವರ ಮೇಲೆ ಬೀಳದಿರಲಿ.

ಜಾತಿಯ ಕಾರಣದ ತೊಂದರೆಗೆ ವಿಶ್ವವಿದ್ಯಾಲಯದ ಎಸ್‌ಸಿ-ಎಸ್‌ಟಿ ಘಟಕ, ಸಮಾನ ಅವಕಾಶ ಘಟಕಗಳಿವೆ. ಅಂಕ, ಶುಲ್ಕ, ದಾಖಲೆಗಳ ತಕರಾರಿಗೆ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇದೆ. ಎಲ್ಲದರ ಸದಸ್ಯರ ಹೆಸರು, ಕೊಠಡಿ, ಫೋನ್ ನಂಬರ್ ಬೋರ್ಡಿನಲ್ಲಿರಲಿ. ಸದಸ್ಯರು ಬದಲಾದ ವಾರವೇ ಹಾಳೆಯೂ ಬದಲಾಗಲಿ. ನಿವೃತ್ತರಾದವರ ನಂಬರಿಗೆ ಕರೆ ಮಾಡಿದವರು ಎರಡನೇ ಸಲ ಯಾರಿಗೂ ಮಾಡುವುದಿಲ್ಲ.

ಸಂಶೋಧಕರು, ಅತಿಥಿ ಉಪನ್ಯಾಸಕರು

ಪಿಎಚ್‌.ಡಿ. ಗೈಡ್ ಮತ್ತು ಸಂಶೋಧಕರು ಮೊದಲ ತಿಂಗಳಲ್ಲೇ ಒಂದು ಪುಟ ಬರೆದುಕೊಳ್ಳಲಿ: ಎಷ್ಟು ದಿನಕ್ಕೊಮ್ಮೆ ಭೇಟಿ, ಕರಡು ಕೊಟ್ಟರೆ ಎಷ್ಟು ದಿನದಲ್ಲಿ ತಿದ್ದಿಕೊಡುವುದು, ಪ್ರಬಂಧದಲ್ಲಿ ಯಾರ ಹೆಸರು ಯಾವ ಕ್ರಮದಲ್ಲಿ, ರಜೆ ಎಷ್ಟು. ಗೈಡ್ ಮನೆಯ ಕೆಲಸ ಇದರಲ್ಲಿ ಬರುವುದಿಲ್ಲ. 2022ರ ಯುಜಿಸಿ ನಿಯಮದಲ್ಲಿ ಮಹಿಳಾ ಸಂಶೋಧಕರಿಗೆ ಒಟ್ಟು 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆಗೆ ಅವಕಾಶವಿದೆ. ಸೇರುವಾಗಲೇ ಇದನ್ನು ಹೇಳಿ. ಸಂಜೆ ಏಳರ ನಂತರ ಲ್ಯಾಬಿನಲ್ಲಿ ಒಬ್ಬರೇ ಇರಬಾರದು ಎಂಬ ನಿಯಮ ಗಂಡು ಹೆಣ್ಣು ಇಬ್ಬರಿಗೂ ಇರಲಿ. ಹುಡುಗಿಯರನ್ನು ಮಾತ್ರ ಮನೆಗೆ ಕಳಿಸಿದರೆ ಉಪಕರಣದ ಸಮಯವೂ ಹುಡುಗರ ಪಾಲಾಗುತ್ತದೆ.

ಅತಿಥಿ ಉಪನ್ಯಾಸಕರಿಗೆ ಕುರ್ಚಿ, ಬೀರು, ಬಾಗಿಲ ಫಲಕದಲ್ಲಿ ಹೆಸರು, ವಿಭಾಗದ ಸಭೆಗೆ ಕರೆ ಇರಲಿ. ವಿದ್ಯಾರ್ಥಿಗಳ ಕಷ್ಟ ಕೇಳುವ ಕೆಲಸವನ್ನೆಲ್ಲ ಅವರ ಮೇಲೇ ಹೊರಿಸುವುದು ನ್ಯಾಯವಲ್ಲ.

ಲೆಕ್ಕ ನೋಡುವುದು

ಒಬ್ಬರು ಸತತ ಮೂರು ದಿನ ಬಾರದಿದ್ದರೆ ನಾಲ್ಕನೇ ದಿನ ಜೊತೆಯ ಸೀನಿಯರ್ ವಿಚಾರಿಸಲಿ, ವಾರವಾದರೆ ಅಧ್ಯಾಪಕರು. 'ಯಾಕೆ ಬಂದಿಲ್ಲ?' ಎಂದು ಗದರಬೇಡಿ, 'ಎಲ್ಲ ಸರಿ ಇದೆಯಾ?' ಎಂದು ಕೇಳಿ. ಸೆಮಿಸ್ಟರ್ ಕೊನೆಗೆ ಹೆಸರಿಲ್ಲದ ಐದು ಪ್ರಶ್ನೆಗಳ ಹಾಳೆ ಕೊಡಿ: ಉಪಕರಣ ನೀವೇ ನಡೆಸಿದಿರಾ, ತರಗತಿಯಲ್ಲಿ ಪ್ರಶ್ನೆ ಕೇಳಲು ಭಯವಿತ್ತೇ, ನೋಟಿಸ್ ಸಮಯಕ್ಕೆ ಸಿಕ್ಕಿತೇ, ಯಾರಾದರೂ ಅವಮಾನ ಮಾಡಿದರೇ, ತೊಂದರೆಯಾದರೆ ಯಾರ ಹತ್ತಿರ ಹೋಗುತ್ತೀರಿ. ಒಂದು ಗುಂಪಿನಲ್ಲಿ ಐವರಿಗಿಂತ ಕಡಿಮೆ ಇದ್ದರೆ ಅವರ ಉತ್ತರವನ್ನು ಬೇರೆ ಮಾಡಿ ತೋರಿಸಬೇಡಿ, ಯಾರೆಂದು ಗೊತ್ತಾಗಿಬಿಡುತ್ತದೆ. ಫಲಿತಾಂಶವನ್ನೂ ಅದರಿಂದ ಏನು ಬದಲಿಸುತ್ತೀರಿ ಎನ್ನುವುದನ್ನೂ ಬೋರ್ಡಿಗೆ ಹಾಕಿ.

ಮುಖ್ಯಸ್ಥರ ಹುದ್ದೆ ಸರದಿಯ ಮೇಲೆ ಬದಲಾಗುವ ಕಡೆ ಇದೆಲ್ಲ ಹಿಂದಿನವರ ಜೊತೆಗೇ ಹೋಗಿಬಿಡುವುದುಂಟು. ಕೈಪಿಡಿ, ಪದಗಳ ಹಾಳೆ, ಪಾತ್ರಗಳ ಪಟ್ಟಿ, ಬಸ್ಸಿನ ಮಾಹಿತಿ, ಕೋಟು-ಕ್ಯಾಲ್ಕುಲೇಟರಿನ ಪುಸ್ತಕ, ಐದು ಪ್ರಶ್ನೆಗಳ ಫಲಿತಾಂಶ ಎಲ್ಲವನ್ನೂ ಒಂದೇ ಫೈಲಿನಲ್ಲಿಟ್ಟು, ಅಧಿಕಾರ ಹಸ್ತಾಂತರದ ದಿನ ಬೀರುವಿನ ಕೀ ಜೊತೆ ಸಹಿ ಮಾಡಿಸಿ ಕೊಡಿ. ಒಂದು ಪ್ರತಿ ಲ್ಯಾಬ್ ಅಸಿಸ್ಟೆಂಟರ ಹತ್ತಿರ ಇರಲಿ.